ಮಣಕಾಲಿಗೆ ಗ್ರೀಸ್ ಸೂಜಿ

“ಸರ, ನೀವು ಮಣಕಾಲಿಗೆ ಗ್ರೀಸ್ ಸೂಜಿ ಮಾಡ್ತೀರಂತಲ್ರಿ?”

ಗಂಗಾವತಿಯಲ್ಲಿ ಮೂಳೆ ಡಾಕ್ಟರಾಗಿ ಕೂತ ಮೇಲೆ ಈ ಪ್ರಶ್ನೆ ಕೇಳದ ವಾರವಿಲ್ಲ. ಕೇಳುವವರಲ್ಲಿ ಬಹಳ ಮಂದಿ ನಾಟಿ ಹಚ್ಚುವ ಹೆಣ್ಣುಮಕ್ಕಳು. ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ದಿನವೆಲ್ಲ ಕೆಸರಲ್ಲೇ ಇರುವ ಕಾಲುಗಳು ಅವರವು. ಅದರ ಮೇಲೆ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಹರಕೆ ಬೇರೆ.

ಅವರು ಗ್ರೀಸ್ ಅನ್ನುವುದು ಹೈಲುರೊನಾನ್ ಎಂಬ ಜೆಲ್. ಕೀಲಿನ ಲೋಳೆನೀರನ್ನು ಜಾರುವಂತೆ ಮಾಡುವ ವಸ್ತು ಇದೇ. ಮುಖದ ಸೀರಮ್ ಬಾಟಲಿ ಮೇಲೆ ಹೈಲುರಾನಿಕ್ ಆಸಿಡ್ ಅಂತ ಬರೆದಿರುತ್ತಾರಲ್ಲ, ಅದೇ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣಿನ ಲೋಳೆಯಿಂದ ಇದನ್ನು ಬೇರೆ ಮಾಡಿದರು. ಸಕ್ಕರೆಯ ತುಣುಕುಗಳು ಒಂದಕ್ಕೊಂದು ಕೂಡಿದ ಬಹಳ ಉದ್ದದ ಸರಪಳಿ ಇದು. ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 15 ಗ್ರಾಂ ಇರುತ್ತದೆ, ಅರ್ಧದಷ್ಟು ಚರ್ಮದಲ್ಲೇ. ಅದರಲ್ಲಿ ಮೂರನೇ ಒಂದು ಪಾಲು ದಿನಾ ಒಡೆದು, ದಿನಾ ಹೊಸದಾಗಿ ತಯಾರಾಗುತ್ತದೆ. ನಾವು ಸೂಜಿಯಲ್ಲಿ ಹಾಕಿದ್ದೂ ಹಾಗೇ, ಕೀಲಿನಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ.

ನನಗೆ ಈ ಸರಪಳಿಯ ಗುಣ ಅರ್ಥವಾದದ್ದು ಪುಸ್ತಕದಿಂದಲ್ಲ, ಸಿರಿಂಜಿನಿಂದ. ಬಾತ ಮೊಣಕಾಲಿಂದ ನೀರು ತೆಗೆದಾಗ ಒಂದು ಹನಿಯನ್ನು ಗ್ಲೌಸ್ ಹಾಕಿದ ಎರಡು ಬೆರಳ ನಡುವೆ ಇಟ್ಟು ಎಳೆಯುತ್ತೇನೆ. ಸವೆತದ ಕೀಲಿನ ನೀರಾದರೆ ಬೆಂಡೆಕಾಯಿ ಲೋಳೆಯ ಹಾಗೆ ಸಣ್ಣ ಎಳೆ ಬರುತ್ತದೆ. ಉರಿಯೂತ ಜೋರಾಗಿರುವ ಸಂಧಿವಾತದ ಕೀಲಿನದು ನೀರಿನಂತೆ ಟಪ್ ಅಂತ ಬೀಳುತ್ತದೆ. ಅಲ್ಲಿ ಸರಪಳಿಗಳು ತುಂಡಾಗಿರುತ್ತವೆ, ನೀರು ಹೆಚ್ಚಾಗಿ ವಿರಳವಾಗಿಯೂ ಇರುತ್ತವೆ. ತಮಾಷೆ ಏನೆಂದರೆ ಉದ್ದದ ಸರಪಳಿ ಉರಿಯೂತವನ್ನು ತಣಿಸುತ್ತದೆ, ಅದರದೇ ಚೂರುಗಳು ಕೆರಳಿಸುತ್ತವೆ. ಎಳೆ ಬಾರದ ನೀರು ಕಂಡರೆ ನಾನು ಜೆಲ್ಲಿನ ಮಾತೇ ಎತ್ತುವುದಿಲ್ಲ. ಮೊದಲು ಉರಿಯೂತ ಯಾಕೆ, ಸೋಂಕಿದೆಯಾ ಅಂತ ನೋಡಬೇಕು.

ಶುರುವಿನಲ್ಲಿ ನಾನೂ ತಪ್ಪು ಮಾಡಿದ್ದೇನೆ. ಒಬ್ಬ ಅಜ್ಜನ ಬಾತ ಕಾಲಿನ ನೀರು ತೆಗೆಯದೆ ಜೆಲ್ ಹಾಕಿಬಿಟ್ಟೆ. ಮಾರನೇ ದಿನ ಮೊಣಕಾಲು ಸೋರೆಕಾಯಿಯಂತೆ ಊದಿತ್ತು. ಸೋಂಕೇನೋ ಅಂತ ನನ್ನ ಎದೆ ಹೊಡೆದುಕೊಂಡಿತು. ನೀರು ತೆಗೆದು ಪರೀಕ್ಷೆಗೆ ಕಳಿಸಿದೆ, ಸೋಂಕಿರಲಿಲ್ಲ, ಕೆಲವು ದಿನದಲ್ಲಿ ಇಳಿಯಿತು. ಆದರೆ ಅಜ್ಜ ಮತ್ತೆ ನನ್ನ ಕಡೆ ಬರಲಿಲ್ಲ.

ಈಗ ಕಾಲು ಚಾಚಿ ಮಲಗಿಸಿ, ಚಿಪ್ಪಿನ ಹೊರಬದಿಯ ಮೇಲಿನಿಂದ ಸೂಜಿ ಹಾಕುತ್ತೇನೆ. ನೀರಿದ್ದರೆ ಮೊದಲು ಪೂರ್ತಿ ತೆಗೆಯುತ್ತೇನೆ. ಜೆಲ್ ಸಲೀಸಾಗಿ ಹೋಗಬೇಕು. ತಡೆದರೆ ಸೂಜಿ ಕೀಲಿನೊಳಗಿಲ್ಲ ಅಂತಲೇ ಲೆಕ್ಕ, ಒತ್ತಬಾರದು. ಎರಡು ದಿನ ಹೊಲದ ಕೆಲಸ ಬೇಡ ಅನ್ನುತ್ತೇನೆ. ಕೋಳಿ, ಮೊಟ್ಟೆ ಆಗಿಬರುತ್ತದಾ ಅಂತಲೂ ಕೇಳುತ್ತೇನೆ, ಯಾಕಂದರೆ ಕೆಲವು ಜೆಲ್ ಹುಂಜದ ಜುಟ್ಟಿನಿಂದ ಮಾಡಿದ್ದು. ಇದನ್ನು ಕೇಳಿ ಲಿಂಗ ಕಟ್ಟಿದ ಹಿರಿಯರೊಬ್ಬರು ಮಂಚದಿಂದ ಇಳಿದೇಬಿಟ್ಟಿದ್ದರು! ಬ್ಯಾಕ್ಟೀರಿಯಾದಿಂದ ಮಾಡಿದ್ದೂ ಸಿಗುತ್ತದೆ ಅಂತ ಹೇಳಿ ಕೂರಿಸಬೇಕಾಯಿತು.

ಆದರೆ ಈ ಸೂಜಿ ಈಗ ಮೊದಲಿಗಿಂತ ಬಹಳ ಕಡಿಮೆ ಮಾಡುತ್ತೇನೆ. ದೊಡ್ಡ ಅಧ್ಯಯನಗಳಲ್ಲಿ ಸುಮ್ನೆ ಉಪ್ಪುನೀರು ಹಾಕಿಸಿಕೊಂಡವರಿಗೂ ನೋವು ಇಳಿದಿದೆ. ಜೆಲ್ಲಿನಿಂದ ಸಿಕ್ಕ ಹೆಚ್ಚಿನ ಲಾಭ ಚಿಕ್ಕದು. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಸವೆದರೆ ಅದನ್ನು ಜೆಲ್ ಮತ್ತೆ ಬೆಳೆಸುವುದೂ ಇಲ್ಲ. ಸಾವಿರಾರು ರೂಪಾಯಿಯ ಸೂಜಿಗೆ ಕೂಲಿಯವರು ಸಾಲ ಮಾಡಿ ಬಂದರೆ ನನಗೆ ಮನಸ್ಸು ಒಪ್ಪುವುದಿಲ್ಲ. ಮೃದ್ವಸ್ಥಿಗೆ ರಕ್ತನಾಳವಿಲ್ಲ. ಕೀಲು ಆಡಿದಾಗಲೇ ಅದಕ್ಕೆ ಆ ಲೋಳೆನೀರಿನಿಂದ ಊಟ. ಅದಕ್ಕೇ ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟು ಒತ್ತುವ ವ್ಯಾಯಾಮವನ್ನು ಮೊದಲು ಕಲಿಸುತ್ತೇನೆ.

ಹೀಗೆ ಟವೆಲ್ ಕೊಟ್ಟು ಕಳಿಸಿದ ಒಬ್ಬ ತಾಯಿ ಸುಗ್ಗಿ ಮುಗಿಸಿ ಬಂದಿದ್ದರು. ನೋವು ಪೂರ್ತಿ ಹೋಗಿಲ್ಲ, ಆದರೆ ಗೋಡೆ ಹಿಡಿಯದೆ ಏಳುತ್ತಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು ಅಂದರು: “ನಂದು ಇರ್ಲಿ ಬಿಡ್ರಿ ಸರ. ನಮ್ಮನಿಯವರು ಟವೆಲ್ ಒತ್ತಂದ್ರ ಒತ್ತೂದಿಲ್ರಿ. ಅವ್ರಿಗರ ಒಂದು ಗ್ರೀಸ್ ಸೂಜಿ ಮಾಡ್ರಿ.”