ಮಲೆನಾಡಿನ ಅಡುಗೆ, ಹಬ್ಬ ಬರೆದು ಸಂಪಾದಿಸುವುದು: ಫ್ರೀಲ್ಯಾನ್ಸ್ ಪತ್ರಕರ್ತರಿಗೆ ಕೈಪಿಡಿ

ಮೊದಲು ಬೇಕಾದ್ದು ಕ್ಯಾಮೆರಾ ಅಲ್ಲ, ಕ್ಯಾಲೆಂಡರ್. ಆಲೆಮನೆ, ಅಂದರೆ ಕಬ್ಬಿನಹಾಲು ಕಾಯಿಸಿ ಬೆಲ್ಲ ಮಾಡುವ ಜಾಗ, ನಡೆಯುವುದು ಚಳಿಗಾಲದಿಂದ ಬೇಸಿಗೆಯ ಶುರುವಿನವರೆಗೆ. ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿ ಫೆಬ್ರವರಿಯ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಳಲೆ (ಎಳೆ ಬಿದಿರು) ಮಳೆ ಹಿಡಿದ ಮೇಲೆ, ಬೆಳೆದ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಆಶ್ವಯುಜದಲ್ಲಿ. ಮಾಸಪತ್ರಿಕೆಗೆ ಎರಡು ತಿಂಗಳು, ವಾರದ ಪುರವಣಿಗೆ ಮೂರು ವಾರ ಮುಂಚೆಯೇ ವಿಷಯ ತಿಳಿಸಿರಬೇಕು. ಆಗ ಆಲೆಮನೆಯ ಒಲೆಯೇ ಹೊತ್ತಿರುವುದಿಲ್ಲ, ಫೋಟೊ ಎಲ್ಲಿಂದ ತರುವುದು? ಅದಕ್ಕೇ ಈ ವರ್ಷ ತೆಗೆದದ್ದು ಮುಂದಿನ ವರ್ಷದ ಲೇಖನಕ್ಕೆ. ಮೊದಲ ವರ್ಷ ಕೈಗೆ ಹೆಚ್ಚೇನೂ ಹತ್ತುವುದಿಲ್ಲ. ಅನುವಾದವೋ ಪ್ರೂಫ್ ನೋಡುವುದೋ ಜತೆಗಿರಲಿ.

ಸಂಪಾದಕರಿಗೆ ಬರೆಯುವ ಪತ್ರ 150 ಪದ ಮೀರಬಾರದು. ‘ಮಲೆನಾಡಿನ ತಿನಿಸುಗಳು’ ಎಂದರೆ ಉತ್ತರವೂ ಬರುವುದಿಲ್ಲ. ಮಿಡಿಯ ಆಸೆಗೆ ಹೊಳೆದಂಡೆಯ ಅಪ್ಪೆಮರದ ಕೊಂಬೆಯನ್ನೇ ಕಡಿಯುವುದು, ಅದೇ ಮರದ ಕುಡಿ ತಂದು ತೋಟದಲ್ಲಿ ಕಸಿ ಕಟ್ಟುವುದು, ಇದು ವಿಷಯ. ಹಾಂ, ಒಳ್ಳೆಯ ಮರ ಎಲ್ಲಿದೆ ಎಂದು ಮಾತ್ರ ಅಚ್ಚು ಹಾಕಬೇಡಿ. ಮುಂದಿನ ಸಲ ಕತ್ತಿ ಹಿಡಿದು ಬರುವವರಿಗೆ ನೀವೇ ದಾರಿ ತೋರಿಸಿದಂತೆ.

ಅಡುಗೆಮನೆಯಲ್ಲಿ ‘ಎಷ್ಟು ಹಾಕ್ತೀರಿ ಅಮ್ಮಾ?’ ಎಂದರೆ ಬರುವ ಉತ್ತರ ‘ಅಂದಾಜು’. ಚಿಕ್ಕ ಡಿಜಿಟಲ್ ತಕ್ಕಡಿ ಒಯ್ಯಿರಿ. ಹಿಟ್ಟಿನ ಡಬ್ಬಿಯನ್ನು ಅಡುಗೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿ. ವ್ಯತ್ಯಾಸವೇ ಅಳತೆ, ಅವರ ಕೈ ತಡೆಯಬೇಕಾಗಿಲ್ಲ. ಅವರಿಗೆ ಹೇಳುವಷ್ಟೂ ಮುಖ್ಯವೆನಿಸದ ಹಂತವನ್ನು ಕೆದಕಿ ಕೇಳಿ. ಕಳಲೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನವೂ ನೀರು ಬದಲಿಸುತ್ತಾರೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಆ ಸಾಲು ಬಿಟ್ಟುಹೋದ ಪಾಕವಿಧಾನ ಓದುಗರ ಹೊಟ್ಟೆಗೆ ಅಪಾಯ.

ಹಾಳೆಯಷ್ಟು ತೆಳುವಾದ ಸಿಹಿತಿನಿಸು ತೊಡೆದೇವಿನ ಫೋಟೊ ಕೆಡುವುದೇ ಹೆಚ್ಚು. ಕವುಚಿದ ಮಡಕೆ ಕೆಳಗಿನ ಬೆಂಕಿಗೆ ಕಾದಿರುತ್ತದೆ. ಕಬ್ಬಿನಹಾಲು ಸೇರಿದ ತೆಳು ಅಕ್ಕಿಹಿಟ್ಟಿನಲ್ಲಿ ಬಟ್ಟೆ ಸುತ್ತಿದ ಕೋಲು ಅದ್ದಿ ಬಳಿದರೆ ಕ್ಷಣದಲ್ಲಿ ಹಾಳೆ ಒಣಗಿ ಅಂಚು ಏಳುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಹಬೆಯೆಲ್ಲ ಬಿಳಿ ಮಬ್ಬು. ಬಾಗಿಲ ಬೆಳಕು ಪಕ್ಕದಿಂದ ಬೀಳುವಂತೆ, ಹಿಂದೆ ಮಸಿ ಹಿಡಿದ ಗೋಡೆ ಇರುವಂತೆ ಕೂತು, ಶಟರ್ 1/250 ಸೆಕೆಂಡಿಗಿಂತ ನಿಧಾನ ಮಾಡದೆ ತೆಗೆಯಿರಿ. ಮೊದಲ ನಾಲ್ಕೈದು ಹಾಳೆ ಬಿಡಿ, ಮಡಕೆಯ ಹದ ಕೂತಿರುವುದಿಲ್ಲ.

ಭೂಮಿ ಹುಣ್ಣಿಮೆಯ ಚರಗಕ್ಕೆ (ಗದ್ದೆಗೆ ಎಡೆ ಬೀರುವುದಕ್ಕೆ) ಹೋಗುವಾಗ ಜತೆಗೆ ಬರಬಹುದೇ, ಫೋಟೊ ಆಗುತ್ತದೆಯೇ ಎಂದು ಹಿಂದಿನ ದಿನವೇ ಮನೆಯ ಹಿರಿಯರನ್ನು ಕೇಳಿ. ಬುಟ್ಟಿ ಹೊತ್ತು ಹೊರಟ ಮೇಲೆ ಕೇಳುವುದಲ್ಲ.

ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲ ತೇವ ಹೀರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಬೇಕು.

ಇನ್ನು ದುಡ್ಡು. ಪದಮಿತಿ, ಸಂಭಾವನೆ, ಫೋಟೊಗೆ ಬೇರೆ ಹಣ ಉಂಟೇ, ಮರುಬಳಕೆ ಹಕ್ಕು ಯಾರದು, ನಾಲ್ಕನ್ನೂ ಬರೆಯುವ ಮುಂಚೆ ಇಮೇಲ್‌ನಲ್ಲೇ ಖಚಿತ ಮಾಡಿಕೊಳ್ಳಿ; ಫೋನಿನ ಮಾತು ಲೆಕ್ಕಕ್ಕಿಲ್ಲ. ಪ್ರಕಟವಾದ ವಾರದೊಳಗೆ ಪ್ಯಾನ್, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಮೇತ ಬಿಲ್ ಕಳಿಸಿ. ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ. ತೆರಿಗೆ ಮಿತಿಯೊಳಗಿನ ಆದಾಯವಾದರೆ ಅದು ವಾಪಸ್ ಬರುತ್ತದೆ.