ಸ್ಫೂರ್ತಿ ಕೊಡೋ ಕಲಾವಿದರನ್ನು ನಾನು ಹುಡುಕಿಕೊಂಡ ರೀತಿ

ಬೇರೆಯವರ ಕೆಲಸ ಜಾಸ್ತಿ ನೋಡಿದರೆ ನಿನ್ನ ಕೈ ಕೆಡುತ್ತೆ ಅಂತ ನನಗೆ ಹೇಳದವರೇ ಇಲ್ಲ. ನಕಲು ಮಾಡಿ ನೋಡ್ತೀನಿ ಅಂದಾಗಲಂತೂ ಎಲ್ಲರೂ ಮುಖ ಸಿಂಡರಿಸಿದರು. ಈಗ ಇಪ್ಪತ್ತರ ಆಸುಪಾಸು ಚಾರ್ಕೋಲ್ (ಇದ್ದಿಲು) ಚಿತ್ರಗಳ ಸರಣಿ ಮುಗಿದಿದೆ. ಅರ್ಧಕ್ಕಿಂತ ಜಾಸ್ತಿ ಮಾರಾಟವೂ ಆಗಿದೆ. ಅವತ್ತು ಬೇಡ ಅಂದವರಲ್ಲೇ ಕೆಲವರು "ಯಾರ್ಯಾರನ್ನು ನೋಡ್ತೀಯ, ಪಟ್ಟಿ ಕೊಡು" ಅಂತ ಕೇಳುತ್ತಿದ್ದಾರೆ. ಪಟ್ಟಿ ಕೊಟ್ಟರೆ ಏನೂ ಉಪಯೋಗವಾಗಲ್ಲ, ಯಾಕಂದರೆ ನನಗೆ ಬೇಕಾದವರು ಅವರಿಗೆ ಬೇಕಾದವರಲ್ಲ. ಹುಡುಕುವ ರೀತಿ ಬೇಕಾದರೆ ಹೇಳಬಹುದು.

ಮೊದಲು ದುಡ್ಡು ಹೋದ ಕಥೆ. 'ನಿಮ್ಮ ಶೈಲಿ ಕಂಡುಕೊಳ್ಳಿ' ಅನ್ನೋ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿದ್ದೆ. ಅದರ ಶುಲ್ಕಕ್ಕೆ ಆರು ತಿಂಗಳ ಕಾಗದ ಬರುತ್ತಿತ್ತು. ಅಲ್ಲಿ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರೋ ಹತ್ತು ಹನ್ನೆರಡು ಹೆಸರು, ಅಷ್ಟೇ. ಆಮೇಲೆ ದಪ್ಪ ದಪ್ಪ ಕಲಾಪುಸ್ತಕ ಕೊಂಡೆ, ಮಾಸಿಕ ಚಂದಾ ಕಟ್ಟಿದೆ. ಇನ್‌ಸ್ಟಾಗ್ರಾಮ್‌ನಲ್ಲಿ ನಾನೂರಕ್ಕೂ ಮೇಲೆ ಕಲಾವಿದರನ್ನು ಫಾಲೋ ಮಾಡಿದೆ. ಒಂದು ಚಿತ್ರಕ್ಕೆ ಲೈಕ್ ಒತ್ತಿದರೆ ಅದೇ ಥರದ್ದು ಇನ್ನೈವತ್ತು ಬರುತ್ತಿತ್ತು, ಅದೇ ಮುಖ, ಅದೇ ಬಣ್ಣ, ಅದೇ ಮಂಜು. ನೋಡುತ್ತಾ ಕೂತರೆ ಸಂಜೆ ಮುಗಿಯುತ್ತಿತ್ತು, ಎದ್ದು ಒಂದು ಗೆರೆ ಎಳೆಯೋಣ ಅಂತ ಮಾತ್ರ ಅನಿಸುತ್ತಿರಲಿಲ್ಲ.

ದಾರಿ ತಿರುಗಿದ್ದು ಕಲಾವಿದರನ್ನು ಹುಡುಕೋದು ಬಿಟ್ಟು, ನನ್ನ ಚಿತ್ರ ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಂದು ಸಾಲಿನಲ್ಲಿ ಬರೆದುಕೊಂಡಾಗ. ಆಗ ಬರೆದಿದ್ದ ಸಾಲು ಇದು: ತಿದ್ದಿದ ಜಾಗವೆಲ್ಲ ಕೊಳಕಾಗಿ ಕಾಣುತ್ತೆ, ಮುಚ್ಚಿದರೆ ಚಿತ್ರ ಸತ್ತೇ ಹೋಗುತ್ತೆ. ಈ ಕಷ್ಟ ಇನ್ಯಾರಿಗಿದೆ, ಅವರು ಏನು ಮಾಡಿದರು ಅಂತ ಹುಡುಕಿದೆ. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಸಿಕ್ಕರು. ಹೆಸರು ಮೊದಲೇ ಗೊತ್ತಿತ್ತು, ಆದರೆ ಹೀಗೆ ನೋಡಿರಲಿಲ್ಲ. 1989ರಿಂದ ಅವರು ಮಾಡಿಕೊಂಡು ಬಂದ ಚಾರ್ಕೋಲ್ ಚಲನಚಿತ್ರಗಳಲ್ಲಿ ಒಂದೊಂದು ದೃಶ್ಯಕ್ಕೂ ಹೆಚ್ಚುಕಮ್ಮಿ ಒಂದೇ ಹಾಳೆ. ಗೋಡೆ ಮೇಲಿನ ಹಾಳೆಯಲ್ಲಿ ಸ್ವಲ್ಪ ಬರೆಯೋದು, ಕ್ಯಾಮೆರಾ ಹತ್ತಿರ ನಡೆದು ಹೋಗಿ ಒಂದೆರಡು ಫ್ರೇಮ್ ತೆಗೆಯೋದು, ವಾಪಸ್ ಬಂದು ಅಳಿಸಿ ಮತ್ತೆ ಬರೆಯೋದು. ಅಳಿಸಿದ ಗುರುತು ಬೂದು ಬಣ್ಣದಲ್ಲಿ ಹಾಗೇ ಉಳಿಯುತ್ತೆ. ನನಗೆ ತೊಂದರೆ ಅನಿಸಿದ್ದೇ ಅಲ್ಲಿ ಇಡೀ ಕೆಲಸದ ಜೀವ!

ನೋಡಿ ಬಿಟ್ಟರೆ ಏನೂ ಅಂಟಲ್ಲ. ಕೈಯಲ್ಲಿ ಮಾಡಿ ನೋಡಬೇಕು. ಒಂದು ಕೈಯ ಚಿತ್ರ ಬರೆದು, ಅಳಿಸಿ, ಸ್ವಲ್ಪ ಪಕ್ಕಕ್ಕೆ ಮತ್ತೆ ಬರೆದೆ. ತೆಳು ಹಾಳೆ ಮೂರನೇ ಸಲಕ್ಕೇ ನಾರು ಎದ್ದು ಹೋಯಿತು. 300 ಜಿಎಸ್‌ಎಮ್ (ಚದರ ಮೀಟರಿಗೆ 300 ಗ್ರಾಂ ತೂಗೋ) ದಪ್ಪ ಹತ್ತಿ ಕಾಗದ ಏಳೆಂಟು ಸಲ ತಡೆಯಿತು. ಮೆತ್ತನೆ ರಬ್ಬರ್ ಒತ್ತಿ ಎತ್ತಿದರೆ ಗುರುತು ತಿಳಿಯಾಗಿ ಉಳಿಯುತ್ತೆ, ಬಟ್ಟೆಯಲ್ಲಿ ಒರೆಸಿದರೆ ಹೊಗೆ ಥರ ಹರಡುತ್ತೆ. ಚಾರ್ಕೋಲ್ ಹಚ್ಚೋ ಮುಂಚೆ ಕಾಗದಕ್ಕೆ ನಾನು ಒಂದು ಲೇಪ ಕೊಡುತ್ತೇನೆ, ಆಗ ಹದಿನೈದು ಸಲದವರೆಗೂ ಅಳಿಸಬಹುದು. ಅದರಲ್ಲಿ ಏನಿದೆ ಅಂತ ಸದ್ಯಕ್ಕೆ ಹೇಳಲ್ಲ, ಇನ್ನೊಂದು ಸರಣಿ ಮುಗಿಯಲಿ.

ಒಬ್ಬರು ಸಿಕ್ಕಮೇಲೆ ಅವರಿಂದ ಮೂರು ಕಡೆ ಹೋಗುತ್ತೇನೆ: ಅವರು ಯಾರನ್ನು ನೋಡಿ ಕಲಿತರು, ಅದೇ ಸಾಮಾನಿನಲ್ಲಿ ಪೂರ್ತಿ ಉಲ್ಟಾ ಕೆಲಸ ಮಾಡುವವರು ಯಾರು, ಅವರ ಜೊತೆ ಪ್ರದರ್ಶನದಲ್ಲಿ ಇದ್ದವರು ಯಾರು. ಕೆಂಟ್ರಿಜ್ ಹುಡುಗನಾಗಿದ್ದಾಗ ಅವರದೇ ದೇಶದ ಕಲಾವಿದ ಡುಮಿಲೆ ಫೆನಿ ಚಾರ್ಕೋಲ್‌ನಲ್ಲಿ ಬರೆಯೋದನ್ನು ನೋಡಿದ್ದರು. ಫೆನಿ 1991ರಲ್ಲೇ ತೀರಿಕೊಂಡರು, ಇವತ್ತಿನವರಲ್ಲ, ಆದರೂ ಆ ತಿರುಚಿದ ಮೈಗಳ ಕಪ್ಪು ಗೆರೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಉಲ್ಟಾ ಕಡೆ ಸಿಕ್ಕವರು ಅಮೆರಿಕದ ಕಲಾವಿದೆ ವಿಜಾ ಸೆಲ್ಮಿನ್ಸ್. ಅದೇ ಚಾರ್ಕೋಲ್, ಅದೇ ರಬ್ಬರ್. ಅವರು ಕಪ್ಪು ಹಚ್ಚಿ, ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಅಳಿಸಿ ರಾತ್ರಿ ಆಕಾಶದ ನಕ್ಷತ್ರ ತೆಗೆಯುತ್ತಾರೆ. ಒಬ್ಬರಿಗೆ ಅಳಿಸೋದು ಅಂದರೆ ಚಲನೆ, ಇನ್ನೊಬ್ಬರಿಗೆ ಬೆಳಕು. ಈ ಎರಡರ ಮಧ್ಯೆ ನನ್ನ ಸರಣಿಗೆ ಜಾಗ ಸಿಕ್ಕಿತು.

ಹೊಸಬರನ್ನು ಹಿಡಿಯೋಕೆ ದೊಡ್ಡ ಪ್ರದರ್ಶನಗಳ ಪೂರ್ತಿ ಪಟ್ಟಿ ಸಾಕು. ಇಟಲಿಯ ವೆನಿಸ್ ಬಿಯೆನಾಲೆ, ಐದು ವರ್ಷಕ್ಕೊಮ್ಮೆ ಜರ್ಮನಿಯ ಕಾಸೆಲ್‌ನಲ್ಲಿ ನಡೆಯೋ ಡಾಕ್ಯುಮೆಂಟಾ, 2012ರಲ್ಲಿ ಕೇರಳದಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿಯೆನಾಲೆ, ಎಲ್ಲದರ ಕಲಾವಿದರ ಪಟ್ಟಿಯೂ ಪುಕ್ಕಟೆ ಸಿಗುತ್ತೆ. 'ನೋಡಲೇಬೇಕಾದ ಹತ್ತು' ಅನ್ನೋ ಲೇಖನಗಳನ್ನು ಓದಲ್ಲ. ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಒಂದೆರಡು ನಿಮಿಷ ಕೊಡುತ್ತೇನೆ. 'ಚೆನ್ನಾಗಿದೆ' ಅನಿಸಿದರೆ ಮುಂದಕ್ಕೆ. 'ಇದನ್ನ ಹೇಗಪ್ಪಾ ಮಾಡಿದರು' ಅನಿಸಿದರೆ ಮಾತ್ರ ನಿಲ್ಲುತ್ತೇನೆ. ಅಂದಾಜು ಮೂವತ್ತರಲ್ಲಿ ಒಬ್ಬರು ನಿಲ್ಲಿಸುತ್ತಾರೆ.

ನಿಂತಮೇಲೆ ಮೊದಲು ನೋಡೋದು ಅಳತೆ. ಫೋನಿನಲ್ಲಿ ಎಲ್ಲವೂ ಅಂಗೈ ಅಗಲ, ಅಲ್ವಾ? ಅಮೆರಿಕದ ಕಲಾವಿದೆ ಜೂಲಿ ಮೆಹ್ರೆಟು ಅವರ 'ಮ್ಯೂರಲ್' ಅನ್ನೋ ಚಿತ್ರ ಸುಮಾರು 80 ಅಡಿ ಉದ್ದ. ಅದು ಗೊತ್ತಾದಮೇಲೆ ಅದರ ಸಣ್ಣ ಗೆರೆಗಳೇ ಬೇರೆ ಥರ ಕಾಣತೊಡಗಿದವು. ಗೋಡೆಯಲ್ಲಿ ಹಿಡಿಸುವ ಚಿತ್ರವಾದರೆ ನಿಜವಾದ ಅಳತೆಗೆ ಮಾಸ್ಕಿಂಗ್ ಟೇಪ್ ಹಚ್ಚಿ ಅದರ ಮುಂದೆ ನಿಲ್ಲುತ್ತೇನೆ. ಎಷ್ಟು ಕೈ ಚಾಚಿ ಬರೆದಿರಬೇಕು, ಮಣಿಕಟ್ಟಿನ ಗೆರೆಯೋ ಭುಜದ ಗೆರೆಯೋ ಅಂತ ಆಗಲೇ ತಿಳಿಯುತ್ತೆ. ಒಂದು ಟೇಪ್ ಸುರುಳಿಯ ಖರ್ಚಿನಲ್ಲಿ ಆ ದಪ್ಪ ಪುಸ್ತಕಗಳಿಗಿಂತ ಜಾಸ್ತಿ ಕಲಿತೆ.

ಮಧ್ಯದಲ್ಲಿ ದಾರಿ ಬಿಟ್ಟು ಅಡ್ಡಾಡಿದ್ದೂ ಇದೆ. ನೈಜೀರಿಯಾದಲ್ಲಿ ಹುಟ್ಟಿದ ಕಲಾವಿದೆ ನ್ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ತಮ್ಮ ಮನೆಯವರ ಫೋಟೊ, ನೈಜೀರಿಯಾದ ಪತ್ರಿಕೆಗಳ ಚಿತ್ರಗಳನ್ನು ಅಸಿಟೋನ್‌ನಿಂದ (ಉಗುರುಬಣ್ಣ ತೆಗೆಯೋಕೆ ಬಳಸೋ ದ್ರವ) ಕಾಗದಕ್ಕೆ ಇಳಿಸಿ, ಅದರ ಜೊತೆಗೆ ಬಣ್ಣ ಹಚ್ಚುತ್ತಾರೆ. ನಾನೂ ಇಳಿಸಿದೆ. ಇಂಕ್‌ಜೆಟ್ ಪ್ರಿಂಟ್ ಬರೀ ಕಲೆಯಾಯಿತು. ಲೇಸರ್ ಪ್ರಿಂಟ್ ಸರಿಯಾಗಿ ಬಂತು, ಅದರ ಟೋನರ್ ಪುಡಿ ಅಸಿಟೋನ್‌ಗೆ ಕರಗುತ್ತೆ. ಕಿಟಕಿ ತೆಗೆದಿಡಿ, ಕೈಗವಸು ಹಾಕಿ, ಬೆಂಕಿ ಹತ್ತಿರ ಬೇಡವೇ ಬೇಡ. ಇಳಿಸಿದ ಫೋಟೊ ಮೇಲೆ ಚಾರ್ಕೋಲ್ ಹಚ್ಚಿ ಅಳಿಸಿದಾಗ ಫೋಟೊ ಉಳಿದು ಚಾರ್ಕೋಲ್ ಮಾತ್ರ ಹೋಯಿತು. ನನ್ನ ಸರಣಿಯ ಕೊನೆಯ ಐದಾರು ಚಿತ್ರ ಹೀಗೇ ಆದವು. ಬೇಗ ಮಾರಾಟವಾಗಿದ್ದೂ ಅವೇ.

ಲೆಕ್ಕ ಹೇಳಬೇಕು ಅಂದರೆ, ಈಗ ಕಲಾವಿದರನ್ನು ನೋಡೋಕೆ ಆಗೋ ಖರ್ಚು ಮೊದಲಿನ ಕಾಲು ಭಾಗ. ಒಳ್ಳೆ ಪ್ರಿಂಟ್, ಹಳೇ ಕ್ಯಾಟಲಾಗ್, ಕಾಗದ, ಅಷ್ಟೇ. ಆರ್ಟ್21 ಅನ್ನೋ ಅಮೆರಿಕದ ಸಂಸ್ಥೆಯ ಥರದ ಕಡೆ ಕಲಾವಿದರು ಸ್ಟುಡಿಯೋದಲ್ಲಿ ಕೆಲಸ ಮಾಡುವ ವಿಡಿಯೊಗಳು ಪುಕ್ಕಟೆ ಇವೆ, ನಾನು ಧ್ವನಿ ನಿಲ್ಲಿಸಿ ಕೈ ಮಾತ್ರ ನೋಡುತ್ತೇನೆ. ಸರಣಿಯಿಂದ ಬಂದ ದುಡ್ಡಲ್ಲಿ ಸುಮಾರು ಎರಡು ವರ್ಷದ ಸಾಮಾನು ಆಗುತ್ತೆ. ಕೈಯೇನೂ ಕೆಟ್ಟಿಲ್ಲ. ನಕಲು ಮಾಡಿದ ಹಾಳೆಗಳನ್ನು ನಾನು ಮಾರಲ್ಲ, ಯಾರಿಗೂ ತೋರಿಸಲ್ಲ, ಅದೊಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ.

ಈಗ ಕೂತಿರೋದು ಕೊರಿಯಾದ ಕಲಾವಿದ ಡೊ ಹೊ ಸು ಅವರ ದಾರದ ಚಿತ್ರಗಳ ಮುಂದೆ. ತೆಳು ಜೆಲಟಿನ್ ಹಾಳೆ ಮೇಲೆ ದಾರದಲ್ಲಿ ಹೊಲಿದು, ಒದ್ದೆ ಕಾಗದಕ್ಕೆ ಇಳಿಸುತ್ತಾರೆ. ಜೆಲಟಿನ್ ಕರಗಿ ದಾರ ಕಾಗದಕ್ಕೇ ಕೂತುಬಿಡುತ್ತೆ. ನಾನು ಅದರ ಬದಲು ಕಸೂತಿಗೆ ಬಳಸೋ, ನೀರಿನಲ್ಲಿ ಕರಗೋ ಹಾಳೆ ಹಿಡಿದಿದ್ದೇನೆ. ಹಾಳೆ ಕರಗೋವಾಗ ಮುದುಡಿ ದಾರವನ್ನು ಎಳೆದುಬಿಡುತ್ತೆ, ಒಣಗಿದಮೇಲೆ ದಾರ ಸರಿಯಾಗಿ ಕಚ್ಚಿಕೊಳ್ಳೋದೂ ಇಲ್ಲ. ನಿಮ್ಮಲ್ಲಿ ಯಾರಾದರೂ ಇದನ್ನು ಮಾಡಿದ್ದರೆ, ಯಾವ ದಾರ, ಕಾಗದ ಎಷ್ಟು ಒದ್ದೆ ಇರಬೇಕು ಅಂತ ಹೇಳಿ.