ಗ್ರಾನೈಟ್ ಕೊರೆಯಲು ಯಾವ ಬಿಟ್?

ಬಿಟ್ ಕೊಳ್ಳುವ ಮೊದಲು ಕಲ್ಲು ಯಾವುದೆಂದು ಗೊತ್ತುಮಾಡಿಕೊಳ್ಳಿ. ಅಡುಗೆಕಟ್ಟೆಯ ಕರಿಕಲ್ಲು ಕಡಪವೋ ಗ್ರಾನೈಟೋ ಎಂದು ಅನುಮಾನವಿದ್ದರೆ, ಉಳಿದ ಚೂರೊಂದರ ಮೇಲೆ ನಾಲ್ಕು ಹನಿ ನಿಂಬೆರಸ ಬಿಡಿ. ಸಣ್ಣ ಗುಳ್ಳೆ ಎದ್ದು ಮೇಲ್ಮೈ ಮಂಕಾದರೆ ಅದು ಸುಣ್ಣದ ಕಲ್ಲು. ಕಡಪ, ಶಹಾಬಾದ್, ಅಮೃತಶಿಲೆ ಎಲ್ಲ ಇದೇ ಜಾತಿ. ಚಾಕುವಿನ ಮೊನೆಯಿಂದಲೂ ಗೀರು ಬೀಳುತ್ತದೆ. ಇವಕ್ಕೆ ಸಣ್ಣ ತೂತಾದರೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬಿಟ್ ಸಾಕು, ಡ್ರಿಲ್ಲಿನ ಹ್ಯಾಮರ್, ಅಂದರೆ ಕುಟ್ಟು, ಬಂದ್ ಇರಲಿ.

ಇಳಕಲ್ಲಿನ ಕೆಂಪು ಗ್ರಾನೈಟ್ ಹಾಗಲ್ಲ. ಅದರಲ್ಲಿರುವ ಬೆಣಚು ಮೋಹ್ಸ್ ಗಡಸುತನದ ಅಳತೆಯಲ್ಲಿ 7. ಕಬ್ಬಿಣ ಕೊರೆಯುವ ಎಚ್‌ಎಸ್‌ಎಸ್ ಬಿಟ್ ನೋಡನೋಡುತ್ತ ಮೊಂಡಾಗುತ್ತದೆ. ಕಾರ್ಬೈಡ್ ಬೆಣಚಿಗಿಂತ ಗಟ್ಟಿಯಾದರೂ ಬರಿದೇ ತಿರುಗಿಸಿದರೆ ಉಜ್ಜಿ ಬಿಸಿಯಾಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಅದಕ್ಕೆ ಕುಟ್ಟು ಬೇಕು. ಕುಟ್ಟಿದರೆ 18-20 ಮಿ.ಮೀ. ಚಪ್ಪಡಿ ಸೀಳುತ್ತದೆ. ಚಾಮರಾಜನಗರದ ಕಪ್ಪು ಕಲ್ಲು ಭೂವಿಜ್ಞಾನದ ಪ್ರಕಾರ ಡಾಲರೈಟ್, ಆದರೂ ಕೊರೆಯುವವರಿಗೆ ಗ್ರಾನೈಟ್ ಲೆಕ್ಕವೇ. ಚಪ್ಪಡಿಗೆ ಡೈಮಂಡ್ ಕೋರ್ ಬಿಟ್ (ಅಂಚಿನಲ್ಲಿ ವಜ್ರವಿರುವ ಟೊಳ್ಳು ಕೊಳವೆ) ಬಿಟ್ಟು ಬೇರೆ ದಾರಿ ಹುಡುಕಬೇಡಿ.

ಇದರಲ್ಲೂ ಎರಡು ಬಗೆ. ಅಂಚಿಗೆ ವಜ್ರದ ಪುಡಿಯ ಒಂದೇ ಪದರ ಅಂಟಿಸಿದ್ದು ಅಗ್ಗ. ಪದರ ಹೋದರೆ ಬಿಸಾಡಬೇಕು. ಒಂದೆರಡು ತೂತಿಗೆ ಅದೇ ಸಾಕು. ಲೋಹದ ಪುಡಿಯೊಡನೆ ವಜ್ರ ಬೆರೆಸಿ ಕಾಯಿಸಿದ ಸಿಂಟರ್ಡ್ ಬಿಟ್ ಸವೆದಂತೆಲ್ಲ ಹೊಸ ಹರಳು ಹೊರಬರುತ್ತದೆ, ಬಹಳ ಕಾಲ ಬಾಳುತ್ತದೆ.

ಸಿಂಕಿನ ನಲ್ಲಿಗೆ ಸಾಮಾನ್ಯವಾಗಿ 35 ಮಿ.ಮೀ. ತೂತು. ಕೋರ್ ಬಿಟ್‌ಗೆ ನಡುವೆ ಮೊನೆಯಿಲ್ಲ, ಹಾಗೇ ಇಟ್ಟರೆ ಪಾಲಿಶ್ ಮೇಲೆ ಜಾರಿ ಗೀರುತ್ತದೆ. 12 ಮಿ.ಮೀ. ಪ್ಲೈವುಡ್ಡಿಗೆ ಮೊದಲು ಅದೇ ಅಳತೆಯ ತೂತು ಮಾಡಿ, ಕಲ್ಲಿನ ಮೇಲೆ ಕ್ಲಾಂಪ್ ಹಾಕಿ ಬಿಗಿಯಿರಿ. ಎರಡು-ಮೂರು ಮಿ.ಮೀ. ಇಳಿದ ಮೇಲೆ ಹಲಗೆ ತೆಗೆದು, ಕಲಸಿದ ಗೋಧಿ ಹಿಟ್ಟಿನಿಂದ ಸುತ್ತ ಕಟ್ಟೆ ಕಟ್ಟಿ ನೀರು ತುಂಬಿ. ವೇಗ ನಿಮಿಷಕ್ಕೆ ಸುಮಾರು 500 ಸುತ್ತು, 6 ಮಿ.ಮೀ. ಬಿಟ್ಟಾದರೆ 1500ರ ಆಸುಪಾಸು. ಆಗಾಗ ಬಿಟ್ ಎತ್ತಿ ನೀರು ಒಳಗೆ ಹೋಗಲು ಬಿಡಿ. ಹೊರಬರುವ ರಾಡಿ ತೆಳ್ಳನೆಯ ಗಂಜಿಯಂತಿದ್ದರೆ ಸರಿ. ಕಣಕದಂತೆ ಗಟ್ಟಿಯಾದರೆ, ಆವಿ ಕಂಡರೆ, ತಕ್ಷಣ ನಿಲ್ಲಿಸಿ. ನೀರು ಸಾಲದೆ ಸುಟ್ಟ ಬಿಟ್ ಮತ್ತೆ ಕೊರೆಯುವುದಿಲ್ಲ.

ನೀರಿದ್ದೂ ಇಳಿಯುತ್ತಿಲ್ಲವೆಂದರೆ ಹೆಚ್ಚು ಒತ್ತಬೇಡಿ. ಅಂಚು ಮುಟ್ಟಿ ನೋಡಿ. ಗಾಜಿನಂತೆ ನುಣ್ಣಗಿದ್ದರೆ ಮೊಂಡಾದ ಹರಳುಗಳು ಲೋಹದಲ್ಲೇ ಕಚ್ಚಿಕೊಂಡಿವೆ ಎಂದರ್ಥ. ಸಿಂಟರ್ಡ್ ಬಿಟ್ಟಾದರೆ ಹಳೆಯ ಸಾಣೆಕಲ್ಲಿನಲ್ಲಿ ನೀರು ಹಾಕಿಕೊಂಡು ಹತ್ತು-ಹದಿನೈದು ಸೆಕೆಂಡು ಕೊರೆಯಿರಿ, ಮೇಲಿನ ಲೋಹ ಸವೆದು ಹರಳು ಮತ್ತೆ ಬಾಯಿಬಿಡುತ್ತದೆ.

ಕೆಳಬದಿಯ ಚಕ್ಕೆ ಏಳುವುದು ಕೊನೆಯ 3 ಮಿ.ಮೀ.ನಲ್ಲಿ. ಅಡಿಗೆ ಹಲಗೆ ಒತ್ತಿ ಹಿಡಿಸಿ, ಕೈ ಹಗುರ ಮಾಡಿ. ಮಾಮೂಲಿ ಕೈ ಡ್ರಿಲ್ಲಿನ ಮೋಟರಿಗೆ ನೀರು ತಾಗಬಾರದು. ಪ್ಲಗ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರುವ ಲೈನಿನದ್ದೇ ಆಗಿರಲಿ.

ಸೈಜುಗಲ್ಲಿನ ಗೋಡೆಗೆ ಆಂಕರ್, ಅಂದರೆ ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಪ್ಲಗ್, ಹಾಕುವುದಾದರೆ ಲೆಕ್ಕವೇ ಬೇರೆ. ದಪ್ಪ ಕಲ್ಲು ಕುಟ್ಟು ತಡೆಯುತ್ತದೆ, ಆದ್ದರಿಂದ ತಿರುಗುತ್ತ ಕುಟ್ಟುವ ರೋಟರಿ ಹ್ಯಾಮರ್ ಮತ್ತು ಅದಕ್ಕೆ ಕೂರುವ ಹಿಡಿಯ, ನಾಲ್ಕು ಅಲಗಿನ ಎಸ್‌ಡಿಎಸ್ ಪ್ಲಸ್ ಕಾರ್ಬೈಡ್ ಬಿಟ್ ತನ್ನಿ. ಎರಡು ಅಲಗಿನದ್ದು ಬೆಣಚಿನ ಗಂಟು ಸಿಕ್ಕಿದಾಗ ಓರೆಯಾಗಿ ತೂತು ಅಗಲವಾಗುತ್ತದೆ, ಪ್ಲಗ್ ಸಡಿಲವಾಗುತ್ತದೆ. ಪ್ಲಗ್ಗಿನ ಉದ್ದಕ್ಕಿಂತ 10 ಮಿ.ಮೀ. ಹೆಚ್ಚು ಆಳ ತೆಗೆದು ಪುಡಿ ಊದಿ ಹೊರಹಾಕಿ. ಆ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ಎನ್95 ಮಾಸ್ಕ್, ಕನ್ನಡಕ ಹಾಕಿಯೇ ಕೆಲಸ ಮಾಡಿ. ಕಾದ ಕಾರ್ಬೈಡ್ ಬಿಟ್ಟನ್ನು ನೀರಿಗೆ ಅದ್ದಬೇಡಿ, ತುದಿ ಬಿರಿಯುತ್ತದೆ. ಗಾಳಿಗೆ ಇಟ್ಟು ತಾನೇ ಆರಲು ಬಿಡಿ.